ಎರಡನೇ ರಾಶಿ

ಮೂವತ್ತಾರು ವರ್ಷ ನಾನು ಹಲ್ಲಿನಿಂದ ಅನ್ನ ಸಂಪಾದಿಸಿದವನು. ನಗಬೇಡಿ. ಕೊಟ್ಟಿಗೆಹಾರದಿಂದ ಎಂಟು ಕಿಲೋಮೀಟರ್ ಒಳಗಿರುವ ಎಸ್ಟೇಟಿನಲ್ಲಿ ನಾನು ಕಣದ ಮೇಸ್ತ್ರಿ. ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿಗೆ ನಾವು ಪಾರ್ಚ್‌ಮೆಂಟ್ ಅನ್ನುತ್ತೇವೆ. ಅದನ್ನು ಕಣದಲ್ಲಿ ಹರಡಿಸಿ, ಕೈಯಾಡಿಸಿ, ಸಂಜೆ ರಾಶಿ ಮಾಡಿ ಮುಚ್ಚಿಸಿ, ಕೊನೆಗೆ ಒಣಗಿದೆಯೋ ಇಲ್ಲವೋ ಅಂತ ಹೇಳುವುದು ನನ್ನ ಕೆಲಸವಾಗಿತ್ತು. ಒಂದು ಬೀಜ ಬಾಯಿಗೆ ಹಾಕಿ ಕಚ್ಚಿದರೆ ನನಗೆ ಸಾಕು. ಹಲ್ಲು ಒಳಗಿಳಿದರೆ ಹಸಿ, ಟಕ್ಕೆಂದು ಎರಡಾದರೆ ಒಣಗಿದೆ. ಅದಾದ ಮೇಲೆ ತೂಕ. ಒಂದೇ ಅಳತೆಯ ಕಾಫಿ ಎರಡು ದಿನ ಒಂದೇ ತೂಕ ಬಂದರೆ ಅದರಲ್ಲಿ ಇನ್ನು ಹೋಗುವಂಥ ನೀರಿಲ್ಲ ಅಂತ ಅರ್ಥ. ಸಾಹುಕಾರರು ಓಂಕಾರಮೂರ್ತಿಯವರು ಒಂದು ವರ್ಷ ಅದಕ್ಕೇ ಅಂತ ಮೆಷಿನ್ ತರಿಸಿದರು. ಮೆಷಿನ್ ಒಂದು ಹೇಳಿತು, ನನ್ನ ಹಲ್ಲು ಇನ್ನೊಂದು ಹೇಳಿತು. ಲಾರಿ ಹೊರಟಿದ್ದು ನನ್ನ ಹಲ್ಲು ಹೇಳಿದ ದಿನ.

ನನ್ನ ಕಣದಲ್ಲಿ ಒಂದೇ ಒಂದು ಕಟ್ಟುನಿಟ್ಟು ಇತ್ತು. ಎರಡು ರಾಶಿ ಇದ್ದರೆ ಎರಡನ್ನೂ ತೂಗಬೇಕು. ಒಂದು ಸಲ ಬೆಳ್ಳಿಯಪ್ಪ ಅನ್ನುವ ಆಳು ಬಿಸಿಲಲ್ಲಿದ್ದ ಮುಂದಿನ ರಾಶಿಯನ್ನು ಮಾತ್ರ ತೂಗಿ, ಹಣ್ಣು ಸುಲಿಯುವ ಪಲ್ಪರ್ ಮನೆಯ ನೆರಳಲ್ಲಿದ್ದ ಹಿಂದಿನ ರಾಶಿಯೂ ಒಣಗಿದೆ ಅಂತ ಬರೆಸಿಬಿಟ್ಟಿದ್ದ. ನಲವತ್ತು ಆಳುಗಳ ಮುಂದೆ ನಿಲ್ಲಿಸಿ ಕೇಳಿದೆ. "ಅಲ್ಲ ಮಾರಾಯ, ಒಂದು ರಾಶಿ ತೂಗಿ ಇನ್ನೊಂದಕ್ಕೆ ಸರ್ಟಿಫಿಕೇಟ್ ಕೊಡ್ತೀಯಲ್ಲ, ನಿನ್ ಹೆಂಡ್ತಿ ಉಂಡ್ರೆ ನಿಂಗೆ ಹೊಟ್ಟೆ ತುಂಬುತ್ತಾ?" ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಬೆಳ್ಳಿಯಪ್ಪ ಒಂದು ವಾರ ನನ್ನ ಮುಖ ನೋಡಲಿಲ್ಲ. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಈಗಲೂ ತಪ್ಪಿಲ್ಲ. ಆ ಮಾತು ಬೆಳ್ಳಿಯಪ್ಪನಿಗಿಂತ ನನಗೇ ಬೇಕಾಗಿತ್ತು ಅನ್ನುವುದು ಗೊತ್ತಾಗಲು ಎಷ್ಟೋ ವರ್ಷ ಹಿಡಿಯಿತು.

ಕಳೆದ ಮಾರ್ಚ್ ಕೊನೆಗೆ ರಿಟೈರ್ ಆದೆ. ಬೇರೆ ಎಸ್ಟೇಟುಗಳಲ್ಲಿ ಶಾಲು, ಗಡಿಯಾರ ಕೊಡುತ್ತಾರೆ. ನಮ್ಮ ಸಾಹುಕಾರರು ಸ್ಯಾಂಪಲ್ ತೂಗುವ ಹಿತ್ತಾಳೆ ತಕ್ಕಡಿಯನ್ನೇ ತೊಳೆಸಿ, ಪೆಟ್ಟಿಗೆ ಮಾಡಿಸಿ ನನ್ನ ಕೈಗೆ ಕೊಟ್ಟರು. "ಇದು ನಿಮ್ಮ ಕೈಯಲ್ಲೇ ಇರ್ಬೇಕು ತಮ್ಮಯ್ಯ. ಮನೆ ಬಿಡೋ ಯೋಚ್ನೆ ಮಾಡ್ಬೇಡಿ. ಗೋಡೌನ್ ನೋಡ್ಕೊಂಡು ಇಲ್ಲೇ ಇರಿ" ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ಕೆಲಸದವರ ಸಾಲಿನ ಲೈನ್ ಮನೆಯ ಎರಡು ಕೋಣೆ, ಎದುರಿಗೆ ಕಣ, ಕಣದಲ್ಲಿ ನಾನು ಬಂದರೆ ಎದ್ದು ನಿಲ್ಲುವ ಆಳುಗಳು. ಇದಕ್ಕಿಂತ ಹೆಚ್ಚಿನದು ನನಗೆ ಬೇಕಿರಲಿಲ್ಲ.

ಬೇಕಾಗಿದ್ದದ್ದು ಸಿದ್ದಮ್ಮನಿಗೆ. ಸಿದ್ದಮ್ಮ ನನ್ನ ಹೆಂಡತಿ. ನಮಗೆ ಮಕ್ಕಳಿಲ್ಲ. ಅವಳು ಇಪ್ಪತ್ತೆಂಟು ವರ್ಷ ಅದೇ ಎಸ್ಟೇಟಿನ ಗೋಡೌನಿನಲ್ಲಿ ಕೂತು ಕಪ್ಪು ಬೀಜ, ಒಡಕು ಬೀಜ ಆರಿಸಿದವಳು. ಆರು ವರ್ಷದಿಂದ ಅವಳಿಗೆ ಉಸಿರಿನ ತೊಂದರೆ. ಜೂನ್ ಬಂತೆಂದರೆ ಶುರುವಾದ ಕೆಮ್ಮು ಸಂಕ್ರಾಂತಿ ದಾಟಿದ ಮೇಲೆ ಕಡಿಮೆಯಾಗುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೆ ದಿಂಬು ಇಟ್ಟು ಕೂತೇ ನಿದ್ದೆ ಮಾಡುತ್ತಿದ್ದಳು. ಮೂಡಿಗೆರೆಯ ಡಾಕ್ಟರು ಮೂರು ಸಲವೂ ಒಂದೇ ಮಾತು ಹೇಳಿದರು. ಮೂರನೇ ಸಲ ಅವಳನ್ನು ಹೊರಗೆ ಕೂರಿಸಿ ನನಗೊಬ್ಬನಿಗೇ ಹೇಳಿದರು. "ಇವರಿಗೆ ಈ ತಂಡಿ ತಡ್ಕೊಳ್ಳಕಾಗಲ್ಲ. ಕೆಳಗೆ ಎಲ್ಲಾದ್ರೂ ಬೆಚ್ಚಗಿರೋ ಕಡೆ ಕರ್ಕೊಂಡ್ ಹೋಗಿ. ಇನ್ನೊಂದು ಮಳೆಗಾಲ ಇಲ್ಲಿ ಕಷ್ಟ ಇದೆ."

ಕೆಳಗೆ ಅಂದರೆ ನಮಗೆ ಘಟ್ಟದ ಕೆಳಗೆ. ಕೊಟ್ಟಿಗೆಹಾರದಲ್ಲಿ ಬಸ್ಸು ಹತ್ತಿ ಚಾರ್ಮಾಡಿ ಇಳಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮಂಗಳೂರು. ಸಿದ್ದಮ್ಮನ ತಂಗಿ ಸುಕನ್ಯಾ ಅಲ್ಲಿ ಹೆಂಗಸರ ಹಾಸ್ಟೆಲೊಂದರಲ್ಲಿ ಅಡಿಗೆ ಮಾಡುತ್ತಾಳೆ. ಅವಳಿರುವ ಕಟ್ಟಡದ ತಾರಸಿಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಹನ್ನೆರಡು ವರ್ಷದ ಹಿಂದೆ ಸುಕನ್ಯಾಳ ಮಗಳ ಮದುವೆಗೆ ಹೋದಾಗ ಸಿದ್ದಮ್ಮ ಅದೇ ತಾರಸಿಯಲ್ಲಿ ನಾಲ್ಕು ದಿನ ಇದ್ದಳು. ಅವಳಿಗೆ ಆಗಲೇ ತಂಡಿಯಾದರೆ ಎದೆ ಕಟ್ಟುತ್ತಿತ್ತು. ಬಂದವಳು ಮದುವೆಯ ವಿಷಯ ಹೇಳಲಿಲ್ಲ, ಊಟದ ವಿಷಯ ಹೇಳಲಿಲ್ಲ. "ನಾಲ್ಕು ರಾತ್ರಿ ಕೆಮ್ಮಿಲ್ದೆ ಮಲಗಿದ್ದೆ ಕಣ್ರೀ" ಅಂದಳು.

ಈ ಏಪ್ರಿಲ್‌ನಲ್ಲಿ ಮೆಟ್ಟಿಲ ಮೇಲೆ ಕೂತು ಅದನ್ನೇ ಇನ್ನೊಮ್ಮೆ ಹೇಳಿದಳು.

"ಹೋಗೋಣ ಕಣ್ರೀ. ನಂಗೆ ಕಡಲುಗಿಡಲು ಏನೂ ಬೇಡ. ಬಿಸ್ಲಲ್ಲಿ ಕಾಲು ಚಾಚ್ಕೊಂಡು ಕೂತ್ಕೋಬೇಕು. ಅಷ್ಟೆ."

"ನೋಡ್ಕೊಂಡು ಬರ್ತೀನಿ ಇರು."

"ಬಿಸ್ಲಲ್ಲಿ ನೋಡೋದೇನಿದೆ?"

"ಬಿಸ್ಲಿಗೂ ಬಿಸ್ಲಿಗೂ ವ್ಯತ್ಯಾಸ ಇದೆ. ನಿಂಗೆ ಗೊತ್ತಾಗಲ್ಲ" ಅಂದೆ. ಇಪ್ಪತ್ತೆಂಟು ವರ್ಷ ಬೀಜ ಆರಿಸಿದವಳಿಗೆ ನಾನು ಹೇಳಿದ ಮಾತು ಅದು.

ನನಗೆ ಗೊತ್ತಿರುವುದು ಒಂದೇ ವಿದ್ಯೆ. ಚೆನ್ನಾಗಿ ಒಣಗಿದ ಪಾರ್ಚ್‌ಮೆಂಟು ಸುತ್ತಲಿನ ಗಾಳಿಯ ನೀರನ್ನು ಕುಡಿಯುತ್ತದೆ. ಬೀಜ ಭಾರವಾದರೆ ಗಾಳಿ ಹಸಿ. ಹಸಿ ಗಾಳಿ ಎದೆಗೆ ಒಳ್ಳೆಯದಲ್ಲ ಅಂತ ಯಾರು ಬೇಕಾದರೂ ಹೇಳುತ್ತಾರೆ. ಅಂದ ಮೇಲೆ ಒಂದು ಊರು ವಾಸಕ್ಕೆ ಆಗುತ್ತದೋ ಇಲ್ಲವೋ ಅಂತ ಡಾಕ್ಟರು ಯಾಕೆ ಹೇಳಬೇಕು, ಬೀಜವೇ ಹೇಳುತ್ತದೆ. ಹೀಗೆ ಲೆಕ್ಕ ಹಾಕಿ ಗೋಡೌನಿನಿಂದ ಅರ್ಧ ಕೇಜಿ ಒಳ್ಳೆಯ ಪಾರ್ಚ್‌ಮೆಂಟು ತಂದೆ. ಹೊಸ ತಕ್ಕಡಿಯಲ್ಲಿ ಕಾಲು ಕೇಜಿ ತೂಗಿ ಬಟ್ಟೆಯಲ್ಲಿ ಕಟ್ಟಿಕೊಂಡೆ. ಉಳಿದ ಕಾಲು ಕೇಜಿಯನ್ನೂ ತೂಗಿ ಡಬ್ಬಿಗೆ ಹಾಕಿದೆ. ಅಭ್ಯಾಸ, ಏನು ಉಳಿದರೂ ತೂಗಿಯೇ ಇಡುವುದು.

ಸಿದ್ದಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ಇದನ್ನೇನು ಮಾಡ್ಲಿ?" ಅಂತ ಡಬ್ಬಿ ತೋರಿಸಿದಳು.

"ಹುರಿದು ಪುಡಿ ಮಾಡ್ಕೊಂಡು ಕುಡಿ."

"ಅಲ್ಲಿ ತೂಗ್ತೀರಿ, ಸರಿ. ಇಲ್ಲಿ ತೂಗೋದು ಬೇಡ್ವಾ?"

"ಇಲ್ಲಿದೇನು ತೂಗೋದು? ಮೂವತ್ತಾರು ವರ್ಷದಿಂದ ಇಲ್ಲೇ ಇದೀನಲ್ಲ" ಅಂದು ನಕ್ಕೆ. ಅವಳೂ ನಕ್ಕಳು, ನಕ್ಕಿದ್ದಕ್ಕೆ ಕೆಮ್ಮು ಬಂತು.

ಮೇ ಐದಕ್ಕೆ ಮಂಗಳೂರಿಗೆ ಹೋದೆ. ಹದಿನಾಲ್ಕು ದಿನ ಆ ತಾರಸಿಯ ಕೋಣೆಯಲ್ಲಿದ್ದೆ. ಬಿಸಿಲಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಅಂಥ ಬಿಸಿಲನ್ನು ನಾನು ನನ್ನ ಕಣದಲ್ಲಿ ಫೆಬ್ರವರಿಯಲ್ಲೂ ಕಂಡಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ತಾರಸಿ ಕಾದು ಕಾಲಿಡಲು ಆಗುತ್ತಿರಲಿಲ್ಲ. ಬೀಜವನ್ನು ಚಾಪೆಯ ಮೇಲೆ ಹರಡುವಾಗ ನನ್ನೊಳಗಿನ ಮೇಸ್ತ್ರಿಗೆ ಹೊಟ್ಟೆಕಿಚ್ಚಾಯಿತು. ಇಂಥ ಬಿಸಿಲನ್ನು ಈ ಜನ ಒಣ ಮೀನಿಗೂ ಒಗೆದ ಬಟ್ಟೆಗೂ ಖರ್ಚು ಮಾಡುತ್ತಾರಲ್ಲ ಅನ್ನಿಸಿತು.

ಆದರೆ ಸಂಜೆ ಕಡಲ ಕಡೆಯಿಂದ ಗಾಳಿ ಬೀಸಿತೆಂದರೆ ಮೈಯೆಲ್ಲ ಅಂಟು. ಅಂಗಿ ತೆಗೆದು ಹಿಂಡಬಹುದಿತ್ತು. ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರೊಡೆದಿತ್ತು. ನಾನು ಬೀಜ ಒಳಗೆ ತಂದು ಮೂಗಿಗೆ ಹಿಡಿದು ನೋಡಿ ತಲೆ ಅಲ್ಲಾಡಿಸುತ್ತಿದ್ದೆ. ಸುಕನ್ಯಾ ಹಾಸ್ಟೆಲಿನಿಂದ ಬಂದವಳು ಅದನ್ನು ನೋಡಿ, "ಭಾವ, ನೀವು ಮನೆ ನೋಡೋಕೆ ಬಂದಿದ್ದಾ, ಕಾಫಿ ಮಾರೋಕೆ ಬಂದಿದ್ದಾ?" ಅಂತ ತಮಾಷೆ ಮಾಡುತ್ತಿದ್ದಳು.

ಕೆಳಗಿನ ಮನೆಯಲ್ಲಿ ಬಾಲರಾಜ್ ಅಂತ ಒಬ್ಬ ಇದ್ದ. ರಿಟೈರಾದ ಬಸ್ ಕಂಡಕ್ಟರ್, ನಮ್ಮ ಕೊಟ್ಟಿಗೆಹಾರದ ಕಡೆಯವನೇ. ಎಂಟು ವರ್ಷದ ಹಿಂದೆ ಉಬ್ಬಸ ತಾಳಲಾರದೆ ಘಟ್ಟ ಇಳಿದು ಬಂದವನಂತೆ. ದಿನಾ ಬೆಳಿಗ್ಗೆ ಕಡಲ ದಂಡೆಯವರೆಗೆ ನಡೆದು ಹೋಗಿ ಬರುತ್ತಿದ್ದ. ಒಂದು ದಿನ ನನ್ನನ್ನೂ ಕರೆದುಕೊಂಡು ಹೋದ. ನನಗೇ ದಮ್ಮು ಕಟ್ಟಿತು, ಅವನು ಮಾತಾಡುತ್ತಲೇ ನಡೆಯುತ್ತಿದ್ದ.

"ಎಲ್ಲ ಸರಿ ಬಾಲರಾಜ್, ಈ ಬೆವರಲ್ಲಿ ಹೆಂಗೆ ಇರ್ತೀರಿ?" ಅಂತ ಕೇಳಿದೆ.

"ಬೆವರು ಬರುತ್ತೆ ಮಾರಾಯ, ಏನ್ ಮಾಡೋದು. ಆದ್ರೆ ಉಸಿರೂ ಬರುತ್ತೆ" ಅಂದ.

ಆ ಮಾತನ್ನು ನಾನು ಅಲ್ಲೇ ಮರಳಲ್ಲಿ ಬಿಟ್ಟು ಬಂದೆ. ಟಿಕೆಟ್ ಹರಿದವನಿಗೆ ಗಾಳಿಯ ವಿಷಯ ಏನು ಗೊತ್ತು ಅಂದುಕೊಂಡೆ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಅಲ್ಲಿ ನನ್ನನ್ನು ಯಾರೂ ಮೇಸ್ತ್ರಿ ಅನ್ನಲಿಲ್ಲ. ಅಂಗಡಿಯವಳು ತುಳುವಿನಲ್ಲಿ ಏನೋ ಕೇಳಿ, ನನಗೆ ಅರ್ಥವಾಗದೆ ನಿಂತಾಗ, ಪಾಪ ಅಂತ "ಅಜ್ಜೇರೆ" ಅಂದು ಸ್ಟೂಲು ಕೊಟ್ಟಳು. ಮರ್ಯಾದೆಯಿಂದಲೇ ಕೊಟ್ಟಳು. ನನಗೆ ಮೈ ಉರಿಯಿತು. ಮೂವತ್ತಾರು ವರ್ಷ ಕಣದ ನಡುವೆ ನಿಂತು ಕೂಗಿದವನು ಇಲ್ಲಿ ಎರಡು ಬಾಳೆಹಣ್ಣಿಗೆ ಸ್ಟೂಲಿನ ಮೇಲೆ ಕಾಯುವ ಅಜ್ಜನಾಗಬೇಕಾ? ಆ ದಿನದಿಂದ ಬೀಜ ಭಾರವಾಗಲಿ ಅಂತ ನಾನೇ ಬೇಡಿಕೊಳ್ಳುತ್ತಿದ್ದೆ. ಬಾಯಲ್ಲಿ ಆಡಲಿಲ್ಲ, ಅಷ್ಟೆ.

ಹದಿನೆಂಟಕ್ಕೆ ಸಿದ್ದಮ್ಮನಿಗೆ ಫೋನ್ ಮಾಡಿ "ನಾಳೆ ತೂಗಿ ಹೊರಡ್ತೀನಿ" ಅಂದೆ. ಹತ್ತೊಂಬತ್ತರ ಬೆಳಿಗ್ಗೆ ಸುಕನ್ಯಾಳ ಎದುರೇ ತಕ್ಕಡಿ ಎತ್ತಿದೆ. ಇನ್ನೂರ ಐವತ್ತು ಗ್ರಾಂ ಇದ್ದದ್ದು ಇನ್ನೂರ ಐವತ್ತೊಂಬತ್ತು ಆಗಿತ್ತು. ಕಚ್ಚಿ ನೋಡಿದೆ. ಟಕ್ಕೆನ್ನಲಿಲ್ಲ, ಹಲ್ಲಿಗೆ ಸ್ವಲ್ಪ ಮೆತ್ತಗೆ ಸಿಕ್ಕಿತು. ನನಗೆ ಖುಷಿಯಾಯಿತು. ಎಂಥಾ ಖುಷಿ ಅಂದರೆ, ದಾರಿಯಲ್ಲಿ ಉಜಿರೆಯ ಹತ್ತಿರ ಬಸ್ಸು ನಿಂತಾಗ ಇಳಿದು ಎರಡು ಬನ್ಸು ತಿಂದೆ.

ಮನೆಗೆ ಬಂದು ಚೀಲ ಕೆಳಗಿಡುವ ಮೊದಲೇ ಹೇಳಿದೆ. "ಒಂಬತ್ತು ಗ್ರಾಂ ಏರಿದೆ. ಆ ಊರಿನ ಗಾಳಿ ಪೂರ್ತಿ ನೀರು. ನಿನ್ನ ಎದೆಗೆ ಅದು ವಿಷ. ಈ ವಿಷ್ಯ ಇಲ್ಲಿಗೆ ಬಿಡು."

ಅವಳು ನನ್ನ ಕೈಯಿಂದ ಚೀಲ ತಗೊಂಡು ಕೆಳಗಿಟ್ಟಳು. ಆಮೇಲೆ, "ಅಲ್ಲಿ ನಿಮ್ಗೆ ರಾತ್ರಿ ಕೆಮ್ಮು ಬಂತಾ?" ಅಂತ ಕೇಳಿದಳು. ನನಗೂ ಬೆಳಗಿನ ಜಾವದ ಕೆಮ್ಮು ಇದೆ, ಬೆಟ್ಟದವರಿಗೆಲ್ಲ ಇರುವಂಥದ್ದೇ.

"ಇಲ್ಲ" ಅಂದೆ. ಅಲ್ಲಿ ಒಂದು ದಿನವೂ ಬಂದಿರಲಿಲ್ಲ ಅನ್ನುವುದು ಅವಳು ಕೇಳಿದ ಮೇಲೆ ನೆನಪಾಯಿತು. "ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಏನಿಲ್ಲ ಬಿಡಿ" ಅಂದಳು.

ಆಗಲೇ ನೋಡಿದ್ದು, ಅವಳ ಮಂಚದ ತಲೆದೆಸೆಯಲ್ಲಿ, ದೇವರ ಪಟದ ಪಕ್ಕದ ಮೊಳೆಗೆ ಹಳದಿ ಬಟ್ಟೆಯ ಗಂಟೊಂದು ತೂಗುತ್ತಿತ್ತು. ನಮ್ಮ ಕಡೆ ಹರಕೆ ಹೊತ್ತವರು ಹಳದಿ ಬಟ್ಟೆಯಲ್ಲಿ ಅಕ್ಕಿ, ಕಾಸು ಕಟ್ಟಿ ಮುಡಿಪು ಅಂತ ತೂಗುಹಾಕುತ್ತಾರೆ. ಹರಕೆ ತೀರಿಸುವ ದಿನದವರೆಗೆ ಅದನ್ನು ಬಿಚ್ಚುವುದಿಲ್ಲ, ಬೇರೆಯವರು ಕೈಯಾಡಿಸುವುದಿಲ್ಲ. ಸಿದ್ದಮ್ಮನ ತವರು ಕಳಸ. ಹುಷಾರಾಗಲಿ ಅಂತ ಕಳಸೇಶ್ವರನಿಗೆ ಹೊತ್ತುಕೊಂಡಿದ್ದಾಳೆ ಅಂದುಕೊಂಡೆ.

"ಮುಡಿಪು ಕಟ್ಟಿದೀಯಾ? ಕಳಸಕ್ಕಾ?"

"ಹಂಗಂದ್ಕೊಂಡ್ರೆ ಹಂಗೆ" ಅಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, "ಬೇಕಾದ್ರೆ ಬಿಚ್ಚಿ ನೋಡಿ. ನಂಗೇನಿಲ್ಲ" ಅಂದಳು.

"ಥೂ, ದೇವ್ರಿಗೆ ಕಟ್ಟಿದ್ದನ್ನ ಬಿಚ್ತಾರಾ? ಏನ್ ಮಾತು ಅಂತ ಆಡ್ತೀಯ" ಅಂತ ಗದರಿದೆ. ಗದರಿ ಕೈ ಮುಗಿದೆ ಕೂಡ.

ಆಮೇಲೆ ಮಳೆ ಹಿಡಿಯಿತು. ಅದರ ಬಗ್ಗೆ ಬಹಳ ಹೇಳಲು ನನಗೆ ಮನಸ್ಸಿಲ್ಲ. ಜೂನಿನಲ್ಲಿ ಬಾವಿಗೆ ಹೋಗುತ್ತಿದ್ದವಳು ಜುಲೈಯಲ್ಲಿ ಒಲೆಯವರೆಗೆ ಬರುವುದೇ ದೊಡ್ಡದಾಯಿತು. ಸ್ಟೋರಿನಲ್ಲಿ ಲೆಕ್ಕ ಬರೆಯುವ ರೈಟರ್ ರಂಜಿತಾ, ಪಕ್ಕದ ಲೈನಿನ ಹುಡುಗಿ, ಬೆಳಿಗ್ಗೆ ಸಂಜೆ ಬಂದು ಅಡಿಗೆಗೆ ಕೈ ಹಾಕುತ್ತಿದ್ದಳು. ಸುಕನ್ಯಾ ದಿನಾ ಫೋನ್ ಮಾಡುತ್ತಿದ್ದಳು. ಅಕ್ಕತಂಗಿಯರು ಏನು ಮಾತಾಡುತ್ತಿದ್ದರೋ, ಸಿದ್ದಮ್ಮ ಒಂದೆರಡು ಮಾತಿಗೇ "ಇಲ್ಲ ಕಣೆ, ಇನ್ನೂ ಇಲ್ಲ" ಅಂದು ಇಟ್ಟುಬಿಡುತ್ತಿದ್ದಳು. ಹುಷಾರಾಯಿತಾ ಅಂತ ಕೇಳುತ್ತಿರಬೇಕು ಅಂದುಕೊಂಡಿದ್ದೆ. ನಾನು ಒಲೆಯಲ್ಲಿ ಕೆಂಡ ಮಾಡಿ ಬಾಂಡ್ಲಿಯಲ್ಲಿ ತುಂಬಿ ಅವಳ ಕೋಣೆಯಲ್ಲಿಡುತ್ತಿದ್ದೆ. ಹೊಗೆಗೆ ಅವಳ ಕೆಮ್ಮು ಇನ್ನೂ ಹೆಚ್ಚಾಗುತ್ತಿತ್ತು. ಕೆಂಡ ತೆಗೆದರೆ ಗೋಡೆಯಿಂದ ತಂಡಿ ಇಳಿಯುತ್ತಿತ್ತು. ಗಾಳಿಯನ್ನು ಒಣಗಿಸುವ ವಿದ್ಯೆ ನನಗೆ ಗೊತ್ತಿರಲಿಲ್ಲ.

ಆಗಸ್ಟ್ ಮೊದಲ ವಾರ, ಆಶ್ಲೇಷ ಮಳೆ. ಗೋಡೆಗೆ ಒರಗಿ ಕೂತಿದ್ದವಳು ಕೈ ಎತ್ತಿ ಮೊಳೆಯ ಕಡೆ ತೋರಿಸಿದಳು. "ಆ ಗಂಟು..." ಅಂದಳು. ಮುಂದಿನ ಮಾತನ್ನು ಕೆಮ್ಮು ತಿಂದಿತು.

"ಮುಟ್ಟಿಸೋಣ ಕಣೆ. ನೀನು ಹುಷಾರಾಗು, ಇಬ್ರೂ ಕಳಸಕ್ಕೆ ಹೋಗಿ ಮುಟ್ಟಿಸಿ ಬರೋಣ" ಅಂದೆ.

ಅವಳು ತಲೆ ಅಲ್ಲಾಡಿಸಿದಳು. ಸುಸ್ತಿಗೆ ಅಂದುಕೊಂಡೆ. ಆಮೇಲೆ ಅವಳು ಕಣ್ಣು ಮುಚ್ಚಿಕೊಂಡಳು. ಮಾರನೇ ದಿನ ಬೆಳಿಗ್ಗೆ ತುಟಿ ನೀಲಿಯಾಗಿತ್ತು. ಸಾಹುಕಾರರು ತಾವೇ ಜೀಪು ತಂದರು. ಹಿಂದಿನ ಸೀಟಿನಲ್ಲಿ ಅವಳನ್ನು ಎದೆಗೆ ಒರಗಿಸಿಕೊಂಡು ಕೂತಿದ್ದೆ. ಮೂಡಿಗೆರೆ ಇನ್ನೂ ನಾಲ್ಕು ಕಿಲೋಮೀಟರ್ ಇದೆ ಅನ್ನುವಾಗ ಅವಳ ಉಸಿರಿನ ಸದ್ದು ನಿಂತಿತು. ಎಷ್ಟೋ ತಿಂಗಳಿಂದ ಆ ಸದ್ದಿಗೆ ಒಗ್ಗಿದ್ದ ನನಗೆ ಮೊದಲು ಅನ್ನಿಸಿದ್ದು, ಸದ್ಯ, ನಿದ್ದೆ ಬಂತಲ್ಲ ಅಂತ.

ಸುಕನ್ಯಾ ಬಂದಳು, ಹನ್ನೊಂದು ದಿನ ಇದ್ದಳು. ನನ್ನ ಜೊತೆ ಮಾತು ಕಡಿಮೆ ಇತ್ತು. ಹೊರಡುವ ದಿನ ಮೊಳೆಯಲ್ಲಿದ್ದ ಗಂಟನ್ನೇ ನೋಡುತ್ತ ನಿಂತಿದ್ದಳು. "ಇದು ಹಂಗೇ ಇದೆಯಲ್ಲ ಭಾವ" ಅಂದಳು. "ಸೂತಕ ಕಳೀಲಿ, ಮಳೆ ಬಿಡ್ಲಿ. ನಾನೇ ಹೋಗಿ ಮುಟ್ಟಿಸ್ತೀನಿ" ಅಂದೆ.  ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಜೀಪು ಹತ್ತಿದಳು.

ಅಕ್ಟೋಬರ್ ಕೊನೆಗೆ ಮಳೆ ಬಿಟ್ಟಿತು. ಒಂದು ಸೋಮವಾರ ತಲೆಗೆ ಸ್ನಾನ ಮಾಡಿ, ಗಂಟನ್ನು ಮೊಳೆಯಿಂದ ಬಿಡಿಸಿದೆ. ಐದು ತಿಂಗಳಲ್ಲಿ ನಾನು ಅದನ್ನು ಮುಟ್ಟಿದ್ದು ಅದೇ ಮೊದಲು. ಕೈಗೆ ಭಾರ ಅನ್ನಿಸಿತು. ಅಕ್ಕಿಯೊಳಗೆ ಬಹಳ ಕಾಸು ಹಾಕಿರಬೇಕು ಅಂದುಕೊಂಡೆ. ಅಲುಗಿಸಿದರೆ ಕಾಸಿನ ಸದ್ದು ಬರಲಿಲ್ಲ. ಬಟ್ಟೆಯಿಂದ ಹಳೇ ಗೋಡೌನಿನ ಮೂಲೆಯ ವಾಸನೆ ಬರುತ್ತಿತ್ತು. ಮಳೆಗಾಲ ಪೂರ್ತಿ ತೂಗಿದ್ದಲ್ಲ, ಅಕ್ಕಿಗೆ ಬೂಷ್ಟು ಬಂದಿರುತ್ತದೆ ಅಂತ ಸಮಾಧಾನ ಮಾಡಿಕೊಂಡೆ. ಯಾವ ಕೈಯಲ್ಲಿ ಹಿಡಿದರೆ ಯಾವ ಮೂಟೆಯಲ್ಲಿ ಎಷ್ಟು ನೀರಿದೆ ಅಂತ ಗೊತ್ತಾಗುತ್ತಿತ್ತೋ, ಅದೇ ಕೈಯಲ್ಲಿ ಹಿಡಿದು ಚೀಲಕ್ಕೆ ಹಾಕಿಕೊಂಡೆ.

ಕಳಸದಲ್ಲಿ ಮೆಟ್ಟಿಲು ಹತ್ತಿ ದೇವಸ್ಥಾನದ ಅಂಗಳಕ್ಕೆ ಹೋದೆ. ಹುಂಡಿಯ ಹತ್ತಿರ ಕೂತಿದ್ದ ವಯಸ್ಸಾದವರು ನನ್ನ ಕೈಯಲ್ಲಿದ್ದ ಗಂಟು ನೋಡಿ, "ಮುಡಿಪಾ? ಬಟ್ಟೆ ಸಮೇತ ಹಾಕ್ಬೇಡಿ. ಬಿಚ್ಚಿ, ಕಾಸು ಹುಂಡಿಗೆ ಹಾಕಿ, ಅಕ್ಕಿ ಇಲ್ಲಿ ಕೊಡಿ" ಅಂದರು.

ಅಲ್ಲೇ ಜಗಲಿಯ ಮೇಲೆ ಕೂತು ಗಂಟು ಬಿಚ್ಚಿದೆ. ಬಿಚ್ಚುವಾಗ ಗೊತ್ತಾಯಿತು, ಅದು ಮುಡಿಪಿನ ಬಟ್ಟೆ ಅಲ್ಲ. ಸಿದ್ದಮ್ಮನ ಹಳೇ ಹಳದಿ ರವಿಕೆಯ ಬೆನ್ನಿನ ತುಂಡು, ಹೊಲಿಗೆ ಹಾಗೇ ಇತ್ತು. ಒಳಗೆ ಅಕ್ಕಿ ಇರಲಿಲ್ಲ, ಕಾಸೂ ಇರಲಿಲ್ಲ. ಪಾರ್ಚ್‌ಮೆಂಟು ಇತ್ತು. ನಾನೇ ತೂಗಿ ಡಬ್ಬಿಗೆ ಹಾಕಿದ್ದ, ಹುರಿದು ಕುಡಿ ಅಂತ ಹೇಳಿದ್ದ ಕಾಲು ಕೇಜಿ. ಬೀಜ ಊದಿಕೊಂಡು, ಹೊಟ್ಟು ಬಿರಿದು, ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ಒಂದನ್ನು ತೆಗೆದು ಬಾಯಿಗೆ ಹಾಕಿದೆ. ಹಲ್ಲು ಬೆಂದ ಕಾಳಿಗೆ ಇಳಿದ ಹಾಗೆ ಇಳಿಯಿತು.

"ಏನ್ರೀ ಅದು, ಕಾಫಿ? ಅದನ್ನ ತಗೊಳಲ್ಲ ಇಲ್ಲಿ" ಅಂದರು ಅವರು.

ಬೀಜದ ನಡುವೆ ಒಂದು ಪ್ಲಾಸ್ಟಿಕ್ ತೊಟ್ಟೆ, ಅದರೊಳಗೆ ಮಡಚಿದ ಕಾಗದ. ಸ್ಟೋರಿನ ರಸೀದಿ ಬುಕ್ಕಿನ ಹಾಳೆ. ಅಕ್ಷರ ರಂಜಿತಾಳದು, ಸಿದ್ದಮ್ಮನಿಗೆ ಬರೆಯಲು ಬರುತ್ತಿರಲಿಲ್ಲ.

"ಮೇ 19. ಮಂಗಳೂರು 259 ಗ್ರಾಂ. ನಮ್ಮ ಮನೆ 266 ಗ್ರಾಂ."

ಅಷ್ಟೇ ಇತ್ತು. ಹೆಸರಿಲ್ಲ, ಇನ್ನೊಂದು ಮಾತಿಲ್ಲ. ನಾನು ಹೊರಟ ದಿನವೇ ಡಬ್ಬಿಯಿಂದ ತೆಗೆದು ಗಂಟು ಕಟ್ಟಿ ತೂಗುಹಾಕಿ, ನಾನು ಅಲ್ಲಿ ತೂಗಿದ ದಿನವೇ ಅವಳು ಇಲ್ಲಿ ಸ್ಟೋರಿನ ತಕ್ಕಡಿಯಲ್ಲಿ ತೂಗಿಸಿದ್ದಳು. ಮಳೆ ಇನ್ನೂ ಹಿಡಿದಿರಲಿಲ್ಲ, ಆಗಲೇ ನಮ್ಮ ಮನೆಯ ಗಾಳಿ ಮಂಗಳೂರಿಗಿಂತ ಏಳು ಗ್ರಾಂ ಹೆಚ್ಚು ಹಸಿ. ಅದರ ಮೇಲೆ ತಂಡಿ. ಆ ಗಂಟು ಅವಳ ತಲೆಯಿಂದ ಒಂದು ಮೊಳ ದೂರದಲ್ಲಿ ತೂಗುತ್ತಿತ್ತು. ಅದು ಕುಡಿದ ಗಾಳಿಯನ್ನೇ ಅವಳೂ ಕುಡಿದಳು. ನಾನು ದಿನಾ ಬೆಳಿಗ್ಗೆ ಎದ್ದು ಅದಕ್ಕೆ ಕೈ ಮುಗಿಯುತ್ತಿದ್ದೆ.

 ಕೊನೆಗೆ ಬೀಜವನ್ನು ಮತ್ತೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಕೊಟ್ಟಿಗೆಹಾರದಲ್ಲಿ ಇಳಿದು ನಮ್ಮ ಕಡೆಯ ಜೀಪಿಗೆ ಕಾಯಬೇಕು. ಅಲ್ಲಿ ಒಂದು ರಸ್ತೆ ಘಟ್ಟ ಇಳಿದು ಕೆಳಗೆ ಹೋಗುತ್ತದೆ, ಒಂದು ಮೂಡಿಗೆರೆಗೆ. ಹೋಟೆಲಿನ ಬೆಂಚಿನ ಮೇಲೆ ಕೂತು ಸುಕನ್ಯಾಳಿಗೆ ಫೋನ್ ಮಾಡಿದೆ.

"ಸುಕನ್ಯಾ, ಅದು ಮುಡಿಪಲ್ಲ ಕಣಮ್ಮ" ಅಂದೆ.

ಆ ಕಡೆ ಪಾತ್ರೆಯ ಸದ್ದು ನಿಂತಿತು.

"ಬಿಚ್ಚಿದ್ರಾ ಭಾವ?"

ಅವಳು ಕೇಳಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಆ ಪ್ರಶ್ನೆ ಅವಳ ಬಾಯಲ್ಲಿ ಹೊಸದಲ್ಲ. ಜೂನ್, ಜುಲೈ ಪೂರ್ತಿ ದಿನಾ ಫೋನಲ್ಲಿ ಅಕ್ಕನಿಗೆ ಕೇಳಿದ್ದು ಅದೇ ಪ್ರಶ್ನೆ.

"ನಿಂಗೆ ಗೊತ್ತಿತ್ತಾ?"

"ನಾನೇ ಅಲ್ವಾ ಭಾವ, ಇಲ್ಲಿ ಎಷ್ಟು ತೂಕ ಬಂತು ಅಂತ ಅವತ್ತೇ ಅವಳಿಗೆ ಹೇಳಿದ್ದು. ಹೇಳ್ಬಿಡೆ ಅಂತ ಎಷ್ಟು ಬಡ್ಕೊಂಡೆ. ಕೇಳ್ಲಿಲ್ಲ. ನಾನು ಹೇಳಿದ್ರೆ ಹೆಂಡ್ತಿ ಮಾತಾಗುತ್ತೆ, ಅವ್ರ ಕೈಯಲ್ಲೇ ಬಿಚ್ಚಿ ಅವ್ರೇ ತೂಗಿದ್ರೆ ಮಾತ್ರ ನಂಬ್ತಾರೆ ಅಂದ್ಲು. ಎರಡು ರಾಶಿ ಇದ್ರೆ ಎರಡನ್ನೂ ತೂಗ್ದೆ ಇರೋ ಮನುಷ್ಯ ಅಲ್ಲ ಅವ್ರು, ಇವತ್ತಲ್ಲ ನಾಳೆ ಬಿಚ್ತಾರೆ ಅಂತಿದ್ಲು." ಸುಕನ್ಯಾ ಅಳುತ್ತಿದ್ದಳು. "ಕೋಣೆ ಯಾರಿಗೂ ಕೊಡಿಸ್ಬೇಡ ಅಂತಾನೂ ಹೇಳಿದ್ಲು. ಬಟ್ಟೆ ಎಲ್ಲ ಟ್ರಂಕಿಗೆ ತುಂಬಿಟ್ಟಿದ್ಲಂತೆ. ನೀವು ನೋಡ್ಲಿಲ್ವಾ?"

ನೋಡಿರಲಿಲ್ಲ. ಟ್ರಂಕು ಅವಳ ಮಂಚದ ಕೆಳಗೇ ಇದೆ. ಈಗಲೂ ಇದೆ.

"ಭಾವ? ಇದೀರಾ?"

"ಇದೀನಿ" ಅಂದೆ. ಮಂಗಳೂರಿನ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಸೀಟಿದೆ, ಸೀಟಿದೆ ಅಂತ ಕೂಗಿದ. ನನ್ನ ಮಡಿಲಲ್ಲಿ ಗಂಟು ಇತ್ತು. ಬಸ್ಸು ಹೊರಟು ತಿರುವಿನಲ್ಲಿ ಇಳಿದು ಕಾಣದಾಗುವವರೆಗೂ ನಾನು ಫೋನನ್ನು ಕಿವಿಗೆ ಹಿಡಿದೇ ಕೂತಿದ್ದೆ. ಆ ಕಡೆ ಸುಕನ್ಯಾಳೂ ಇಡಲಿಲ್ಲ. ಆಮೇಲೆ ನಮ್ಮ ಜೀಪು ಬಂತು, ಅದರಲ್ಲಿ ಬೆಳ್ಳಿಯಪ್ಪ ಇದ್ದ. ಸ್ವಲ್ಪ ಸರಿದು ನನಗೆ ಜಾಗ ಕೊಟ್ಟ.

"ಏನದು ಮೇಸ್ತ್ರಿ, ಪ್ರಸಾದವಾ?" ಅಂತ ಕೇಳಿದ.

"ಅಲ್ಲ. ಎರಡನೇ ರಾಶಿ" ಅಂದೆ.

ಅವನಿಗೆ ಅರ್ಥವಾಗಲಿಲ್ಲ.